ಅಂಗಾತ–ಬೋರಲು: ಚೌಕಾಬಾರದ ಕವಡೆಗಳ ಸಮತೋಲನ

ಜನಪದ ಆಟವೊಂದನ್ನು ದಾಖಲಿಸುವಾಗ ಮನೆಗಳ ವಿನ್ಯಾಸ, ಕಾಯಿಗಳ ನಡೆ ಮತ್ತು ನಿಯಮಗಳ ಕಡೆಗೆ ಗಮನ ಹರಿಯುವುದು ಸಹಜ. ಆದರೆ ಕಾಯಿಯನ್ನು ನಡೆಸುವ ಅಂಕೆಯನ್ನು ಕೊಡುವುದು ಕವಡೆ. ಅದು ಸಮತೂಕವುಳ್ಳದ್ದೇ ಎಂಬ ಪ್ರಶ್ನೆಯು ಆಟದ ನ್ಯಾಯದ ಪ್ರಶ್ನೆಯೂ ಆಗಿದೆ.

ಚೌಕಾಬಾರದಲ್ಲಿ ನಾಲ್ಕು ಕವಡೆಗಳನ್ನು ಒಟ್ಟಿಗೆ ಎಸೆಯುತ್ತಾರೆ. ಅಂಗಾತ ಬಿದ್ದ ಕವಡೆಗಳ ಸಂಖ್ಯೆಯೇ ಗರ. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಈ ಎರಡಕ್ಕೂ ಮತ್ತೊಮ್ಮೆ ಎಸೆಯುವ ಅವಕಾಶವುಂಟು. ಕವಡೆಯು ಎರಡೂ ಬಗೆಯಲ್ಲಿ ಸಮನಾಗಿ ಬೀಳುವುದಾದರೆ ಚೌಕ, ಬಾರಗಳು ತಲಾ 16ಕ್ಕೆ ಒಂದರಂತೆ ಬರಬೇಕು. ಆದರೆ ಕವಡೆಯ ಬೆನ್ನು ಉಬ್ಬಿದ್ದು, ಬಾಯಿಯ ಭಾಗ ಚಪ್ಪಟೆಯಾಗಿರುತ್ತದೆ. ಆದ್ದರಿಂದ ಸಮತೆಯನ್ನು ಮೊದಲೇ ಊಹಿಸಿಕೊಳ್ಳಲಾಗದು. ಅದು 100ಕ್ಕೆ 40 ಬಾರಿ ಮಾತ್ರ ಅಂಗಾತವಾಗುವುದೆಂದು ಭಾವಿಸಿದರೆ, 1000 ಎಸೆತಗಳಲ್ಲಿ ಚೌಕ ಸುಮಾರು 26, ಬಾರ ಸುಮಾರು 130 ಬಾರಿ ಬರುತ್ತದೆ. ಒಂದು ಕವಡೆಯ ಅಲ್ಪ ವಾಲಿಕೆಯು ನಾಲ್ಕು ಸೇರಿದಾಗ ಐದು ಪಟ್ಟಿನ ಅಂತರವಾಗುವುದು ಗಮನಾರ್ಹ.

ಪರೀಕ್ಷೆಯ ಕ್ರಮ ಸರಳವಾದುದು. ಒಂದೊಂದೇ ಕವಡೆಯನ್ನು ಒಂದೇ ನೆಲದ ಮೇಲೆ 100 ಬಾರಿ ಎಸೆದು ಎಣಿಸಬೇಕು. ಸಮತೂಕದ ಕವಡೆಯಾದರೆ ಅಂಗಾತದ ಎಣಿಕೆ ಸಾಮಾನ್ಯವಾಗಿ 40ರಿಂದ 60ರ ನಡುವೆ ನಿಲ್ಲುತ್ತದೆ. ಸೂಕ್ಷ್ಮ ವಾಲಿಕೆಯನ್ನು ಗುರುತಿಸಲು ಇಷ್ಟು ಸಾಲದು. ಇಂಗ್ಲೆಂಡಿನ ವೆಲ್ಡನ್ 12 ದಾಳಗಳನ್ನು 26,306 ಬಾರಿ ಎಸೆದ ಫಲಿತಾಂಶವನ್ನು 1894ರಲ್ಲಿ ತಿಳಿಸಿದರು. ಐದು ಅಥವಾ ಆರು ಬೀಳುವ ಪ್ರಮಾಣ ನಿರೀಕ್ಷಿತ ಶೇ. 33.33ರ ಬದಲು ಶೇ. 33.77 ಇತ್ತು. ಈ ಅಂತರ ಕೇವಲ ಆಕಸ್ಮಿಕವಲ್ಲವೆಂಬುದನ್ನು ಕಾರ್ಲ್ ಪಿಯರ್ಸನ್ 1900ರಲ್ಲಿ ತಮ್ಮ ಕೈ-ವರ್ಗ ಪರೀಕ್ಷೆಯಿಂದ ತೋರಿಸಿದರು.

ಹಾಗಾದರೆ ವಾಲುವ ಕವಡೆಯ ಆಟ ಅನ್ಯಾಯದ್ದೇ? ಅಲ್ಲ. ಅವೇ ನಾಲ್ಕು ಕವಡೆಗಳು ಎಲ್ಲರ ಕೈಯಲ್ಲೂ ಸುತ್ತುವುದರಿಂದ ಅವುಗಳ ವಾಲಿಕೆ ಎಲ್ಲರಿಗೂ ಸಮಾನ. ಕೌಟಿಲ್ಯನ ಅರ್ಥಶಾಸ್ತ್ರವು ಜೂಜಿನ ಅಧಿಕಾರಿಯೇ ಕವಡೆ, ದಾಳಗಳನ್ನು ಒದಗಿಸಬೇಕೆಂದು ಹೇಳಿ, ಅವುಗಳನ್ನು ಬದಲಿಸಿದವನಿಗೆ 12 ಪಣ ದಂಡ ವಿಧಿಸುತ್ತದೆ. ಶಕುನಿಯ ದಾಳದ ಕುರಿತ ಜನಪದ ಕಥೆಗಳಲ್ಲಿ ಕಾಣುವ ಭಯವೂ ಇದೇ: ದಾಳವು ಒಬ್ಬನ ಮಾತನ್ನಷ್ಟೇ ಕೇಳುತ್ತದೆ ಎಂಬುದು. ಜನಪದರ ದೃಷ್ಟಿಯಲ್ಲಿ ನ್ಯಾಯವು ವಸ್ತುವಿನ ಪರಿಪೂರ್ಣತೆಯಲ್ಲಿಲ್ಲ, ಅದರ ಹಂಚಿಕೆಯಲ್ಲಿದೆ.

ಕವಡೆಗೆ ಬದಲಾಗಿ ಆರು ಮುಖದ ದಾಳವನ್ನಿಟ್ಟರೆ ಐದು, ಆರು ಬರುತ್ತವೆ, ಬಾರ ಇಲ್ಲವಾಗುತ್ತದೆ. ಉಳಿಯುವುದು ಬೇರೆಯೇ ಆಟ. ಆದುದರಿಂದ ಮಣೆಯೊಡನೆ ಅದರ ಕವಡೆಗಳನ್ನೂ, ಅವು ಬೀಳುವ ಲೆಕ್ಕವನ್ನೂ ದಾಖಲಿಸಿದಾಗ ಮಾತ್ರ ಚೌಕಾಬಾರದ ದಾಖಲೆ ಪೂರ್ಣವಾಗುತ್ತದೆ.