ಸೌರಫಲಕಗಳಿರುವ ಮನೆಯ ಖರೀದಿ

ಸೌರಫಲಕಗಳಿರುವ ಮನೆಯ ಖರೀದಿ ಎಂದರೆ ಚಾವಣಿಯ ಮೇಲೆ ಸೌರವಿದ್ಯುತ್ ಘಟಕವನ್ನು ಮೊದಲೇ ಅಳವಡಿಸಿರುವ ವಾಸದ ಮನೆಯನ್ನು ಕ್ರಯಕ್ಕೆ ಪಡೆಯುವ ವ್ಯವಹಾರ. ಮನೆಯ ಜೊತೆಗೆ ಫಲಕಗಳೂ ಸಾಮಾನ್ಯವಾಗಿ ಖರೀದಿದಾರರ ಪಾಲಾಗುತ್ತವೆ. ಆದರೆ ವಿದ್ಯುತ್ ಕಂಪನಿಯೊಂದಿಗಿನ ಒಪ್ಪಂದ, ತಯಾರಕರ ಖಾತರಿ ಮತ್ತು ಘಟಕದ ಮೇಲಿನ ಸಾಲ ಹಿಂದಿನ ಮಾಲೀಕರ ಹೆಸರಿನಲ್ಲಿಯೇ ಇರುತ್ತವೆ. ಇವುಗಳನ್ನು ಪ್ರತ್ಯೇಕವಾಗಿ ವರ್ಗಾಯಿಸಿಕೊಳ್ಳಬೇಕು ಅಥವಾ ತೀರಿಸಬೇಕು. ಈ ಲೇಖನವು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳನ್ನು ಗಮನದಲ್ಲಿಟ್ಟುಕೊಂಡು ಈ ವ್ಯವಹಾರದ ಮುಖ್ಯ ಅಂಶಗಳನ್ನು ವಿವರಿಸುತ್ತದೆ.

ಹಿನ್ನೆಲೆ

ಬೆಳಗಾವಿ ಜಿಲ್ಲೆಯು 2002ರಲ್ಲಿ ಕಾರ್ಯಾರಂಭ ಮಾಡಿದ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ (ಹೆಸ್ಕಾಂ) ವ್ಯಾಪ್ತಿಗೆ ಸೇರಿದೆ. ಚಾವಣಿ ಸೌರಘಟಕಗಳಿಂದ ಜಾಲಕ್ಕೆ ಬರುವ ವಿದ್ಯುತ್ತಿನ ದರ ಮತ್ತು ನಿಯಮಗಳನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿಪಡಿಸುತ್ತದೆ. ಗಡಿಯಾಚೆಯ ಮಿರಜ, ಕೊಲ್ಹಾಪುರಗಳಲ್ಲಿ ಮಹಾರಾಷ್ಟ್ರದ ಆಯೋಗದ ನಿಯಮಗಳು ಜಾರಿಯಲ್ಲಿವೆ. ಆದ್ದರಿಂದ ಅಲ್ಲಿನ ದರ ಅಥವಾ ಪದ್ಧತಿಯನ್ನು ಕಾಗವಾಡ, ನಿಪ್ಪಾಣಿಗಳ ಮನೆಗಳಿಗೆ ಅನ್ವಯಿಸಲಾಗದು.

2024ರ ಫೆಬ್ರುವರಿಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಡಿ 1 ಕಿಲೋವ್ಯಾಟ್ ಘಟಕಕ್ಕೆ 30,000 ರೂ., 2 ಕಿಲೋವ್ಯಾಟ್‌ಗೆ 60,000 ರೂ. ಹಾಗೂ 3 ಕಿಲೋವ್ಯಾಟ್ ಮತ್ತು ಹೆಚ್ಚಿನ ಸಾಮರ್ಥ್ಯಕ್ಕೆ 78,000 ರೂ. ಸಹಾಯಧನ ನಿಗದಿಯಾಯಿತು.

ಒಡೆತನ ಮತ್ತು ದಾಖಲೆಗಳು

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 8ನೇ ಕಲಮಿನ ಪ್ರಕಾರ, ಬೇರೆ ಉದ್ದೇಶ ವ್ಯಕ್ತವಾಗದಿದ್ದರೆ, ಮನೆಯೊಂದಿಗೆ ಅದರ ಬೀಗ, ಬಾಗಿಲು, ಕಿಟಕಿಗಳೂ ಶಾಶ್ವತ ಬಳಕೆಗಾಗಿ ಒದಗಿಸಿದ ಇತರ ವಸ್ತುಗಳೂ ವರ್ಗಾವಣೆಯಾಗುತ್ತವೆ. ಕಾಯ್ದೆಯಲ್ಲಿ ಸೌರಫಲಕದ ಹೆಸರಿಲ್ಲ. ಆದುದರಿಂದ ಫಲಕಗಳ ಸಂಖ್ಯೆ, ಒಟ್ಟು ಸಾಮರ್ಥ್ಯ, ತಯಾರಕರ ಹೆಸರು, ಕ್ರಮಾಂಕಗಳು ಹಾಗೂ ಇನ್ವರ್ಟರಿನ ವಿವರವನ್ನು ಖರೀದಿ ಪತ್ರದಲ್ಲಿ ನಮೂದಿಸಿದರೆ ವಿವಾದಕ್ಕೆ ಅವಕಾಶ ಉಳಿಯುವುದಿಲ್ಲ. ಸ್ವತ್ತಿನಲ್ಲಿರುವ, ಖರೀದಿದಾರರು ಸಾಧಾರಣ ಎಚ್ಚರದಿಂದ ಕಂಡುಹಿಡಿಯಲಾಗದ ಮಹತ್ವದ ದೋಷ ಮಾರಾಟಗಾರರಿಗೆ ತಿಳಿದಿದ್ದರೆ ಅದನ್ನು ತಿಳಿಸಬೇಕೆಂದು ಅದೇ ಕಾಯ್ದೆಯ 55ನೇ ಕಲಮು ಹೇಳುತ್ತದೆ.

ಮನೆಯ ಉತಾರ ಮತ್ತು ಋಣಭಾರ ಪ್ರಮಾಣಪತ್ರವನ್ನು ನೋಡಿದಷ್ಟಕ್ಕೆ ಫಲಕಗಳು ಋಣಮುಕ್ತವೆಂದು ಹೇಳಲಾಗದು. ಋಣಭಾರ ಪ್ರಮಾಣಪತ್ರದಲ್ಲಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿತವಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ಮನೆಯನ್ನು ಅಡವಿಡದೆ ಕೇವಲ ಸೌರಘಟಕಕ್ಕಾಗಿ ಪಡೆದ ಬ್ಯಾಂಕ್ ಸಾಲ ಅದರಲ್ಲಿ ಕಾಣದೇ ಇರಬಹುದು. ಹೀಗಾಗಿ ಘಟಕದ ಮೂಲ ರಸೀದಿಯನ್ನೂ, ಸಾಲವಿದ್ದಲ್ಲಿ ಅದು ತೀರಿದೆ ಎಂಬ ಬ್ಯಾಂಕಿನ ಪತ್ರವನ್ನೂ ಪಡೆಯುವುದು ಅಗತ್ಯ. ಕೆಲವೆಡೆ ಫಲಕಗಳು ಮನೆ ಮಾಲೀಕರವೇ ಆಗಿರದೆ, ಅಳವಡಿಸಿದ ಸಂಸ್ಥೆಯ ಒಡೆತನದಲ್ಲಿರುತ್ತವೆ. ಅಂತಹ ಫಲಕಗಳನ್ನು ಮನೆ ಮಾಲೀಕರು ಮಾರುವಂತಿಲ್ಲ.

ಹೆಸ್ಕಾಂ ಒಪ್ಪಂದದ ವರ್ಗಾವಣೆ

ನೆಟ್ ಮೀಟರಿಂಗ್ ಪದ್ಧತಿಯಲ್ಲಿ ಎರಡೂ ದಿಕ್ಕಿನ ವಿದ್ಯುತ್ತನ್ನು ಅಳೆಯುವ ಮೀಟರ್ ಇರುತ್ತದೆ. ಮನೆಯ ಬಳಕೆಗಿಂತ ಹೆಚ್ಚಾಗಿ ಜಾಲಕ್ಕೆ ಹೋದ ವಿದ್ಯುತ್ತಿಗೆ ಒಪ್ಪಂದದ ದರದಲ್ಲಿ ಹಣ ಸಲ್ಲುತ್ತದೆ. ಈ ಒಪ್ಪಂದವು ಸ್ಥಾವರದ ಆರ್.ಆರ್. ಸಂಖ್ಯೆಗೂ ಗ್ರಾಹಕರ ಹೆಸರಿಗೂ ಹೊಂದಿಕೊಂಡಿರುತ್ತದೆ. ಖರೀದಿ ಪತ್ರ ನೋಂದಣಿಯಾದರೂ ಇದು ತಾನಾಗಿಯೇ ಬದಲಾಗುವುದಿಲ್ಲ. ವಿದ್ಯುತ್ ಸಂಪರ್ಕದ ಹೆಸರು ಬದಲಾವಣೆಗೂ ಸೌರ ಒಪ್ಪಂದದ ವರ್ಗಾವಣೆಗೂ ಹೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಅಲ್ಲಿಯವರೆಗೆ ಹೆಚ್ಚುವರಿ ವಿದ್ಯುತ್ತಿನ ಹಣ ಹಿಂದಿನ ಮಾಲೀಕರ ಲೆಕ್ಕಕ್ಕೆ ಸೇರುವ ಸಾಧ್ಯತೆ ಇರುತ್ತದೆ.

ಒಪ್ಪಂದದ ಕಾಲವೂ ಮುಖ್ಯ. ಆಯೋಗದ 2013ರ ಆದೇಶದಂತೆ ಚಾವಣಿ ಸೌರವಿದ್ಯುತ್ತಿಗೆ ಯೂನಿಟ್‌ಗೆ 9.56 ರೂ., ಸಹಾಯಧನ ಪಡೆದ ಘಟಕಗಳಿಗೆ 7.20 ರೂ. ದರವಿತ್ತು. ನಂತರದ ಆದೇಶಗಳಲ್ಲಿ ದರ ಗಣನೀಯವಾಗಿ ಇಳಿಯಿತು. ಒಪ್ಪಂದದ ಅವಧಿ 25 ವರ್ಷಗಳಾದುದರಿಂದ 2015ರಲ್ಲಿ ಆದ ಒಪ್ಪಂದವು 2040ರವರೆಗೆ ನಡೆಯುತ್ತದೆ. ಹೀಗಾಗಿ ಅಕ್ಕಪಕ್ಕದ ಎರಡು ಮನೆಗಳಲ್ಲಿ ಸಮಾನ ಸಾಮರ್ಥ್ಯದ ಫಲಕಗಳಿದ್ದರೂ ಅವುಗಳ ಆದಾಯ ಒಂದೇ ಆಗಿರಬೇಕೆಂದಿಲ್ಲ.

ವಿದ್ಯುತ್ ಬಾಕಿಯನ್ನೂ ಪರಿಶೀಲಿಸಬೇಕು. ಕೆ.ಸಿ. ನೈನಾನ್ ಪ್ರಕರಣದಲ್ಲಿ (2023) ಸರ್ವೋಚ್ಚ ನ್ಯಾಯಾಲಯವು, ನಿಯಮಗಳಲ್ಲಿ ಅವಕಾಶವಿದ್ದರೆ ಹಿಂದಿನ ಮಾಲೀಕರ ಬಾಕಿಯನ್ನು ಹೊಸ ಮಾಲೀಕರಿಂದ ಕೇಳಬಹುದೆಂದು ತೀರ್ಪು ನೀಡಿದೆ.

ಘಟಕದ ಪರಿಶೀಲನೆ

ಆಡುಮಾತಿನಲ್ಲಿ ನೀರು ಕಾಯಿಸುವ ಸಾಧನವನ್ನೂ ‘ಸೋಲಾರ್’ ಎಂದೇ ಕರೆಯುವುದರಿಂದ, ಚಾವಣಿಯಲ್ಲಿರುವುದು ವಿದ್ಯುತ್ ಉತ್ಪಾದಿಸುವ ಘಟಕವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. 1 ಕಿಲೋವ್ಯಾಟ್ ಘಟಕವು ದಿನಕ್ಕೆ ಸರಾಸರಿ ಸುಮಾರು 4 ಯೂನಿಟ್ ಉತ್ಪಾದಿಸುತ್ತದೆ. 3 ಕಿಲೋವ್ಯಾಟ್ ಘಟಕದಿಂದ ತಿಂಗಳಿಗೆ ಸುಮಾರು 360 ಯೂನಿಟ್ ನಿರೀಕ್ಷಿಸಬಹುದು. ಮಳೆಗಾಲದಲ್ಲಿ ಉತ್ಪಾದನೆ ಕುಸಿಯುವುದರಿಂದ ಒಂದೆರಡು ತಿಂಗಳ ಬಿಲ್ಲಿನ ಬದಲು ಹಿಂದಿನ 12 ತಿಂಗಳ ಬಿಲ್ಲುಗಳನ್ನೂ ಇನ್ವರ್ಟರಿನ ದಾಖಲೆಯನ್ನೂ ಹೋಲಿಸುವುದು ಸೂಕ್ತ.

ಫಲಕಗಳ ಉತ್ಪಾದನಾ ಶಕ್ತಿ ವರ್ಷಕ್ಕೆ ಸಾಮಾನ್ಯವಾಗಿ ಶೇ. 0.5ರಿಂದ 0.8ರಷ್ಟು ಕುಗ್ಗುತ್ತದೆ. ಇನ್ವರ್ಟರಿನ ಆಯುಷ್ಯ ಫಲಕಗಳಿಗಿಂತ ಕಡಿಮೆ; ಹತ್ತು ವರ್ಷ ದಾಟಿದ ಘಟಕದಲ್ಲಿ ಅದನ್ನು ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು. ಫಲಕದ ಕಾಲುಗಳನ್ನು ಬಿಗಿದ ಜಾಗದಲ್ಲಿ ಚಾವಣಿ ಸೋರುತ್ತಿದೆಯೇ, ಭೂಸಂಪರ್ಕ ಮತ್ತು ಸಿಡಿಲು ನಿರೋಧಕ ಸರಿಯಾಗಿವೆಯೇ, ದಕ್ಷಿಣ ದಿಕ್ಕಿಗೆ ನೆರಳು ಬೀಳಿಸುವ ಕಟ್ಟಡ ಅಥವಾ ಮರವಿದೆಯೇ ಎಂಬುದನ್ನೂ ನೋಡಬೇಕು.

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಗ್ರಾಮಗಳು 2005, 2019 ಮತ್ತು 2021ರಲ್ಲಿ ಪ್ರವಾಹಕ್ಕೆ ತುತ್ತಾಗಿದ್ದವು. ಅಂತಹ ಕಡೆ ಫಲಕಗಳು ಚಾವಣಿಯಲ್ಲಿ ಸುರಕ್ಷಿತವಾಗಿದ್ದರೂ ನೆಲಮಹಡಿಯಲ್ಲಿದ್ದ ಇನ್ವರ್ಟರ್ ಮತ್ತು ಮೀಟರ್ ನೀರಿನಲ್ಲಿ ಮುಳುಗಿರಬಹುದು. ಬ್ಯಾಟರಿಯಿಲ್ಲದೆ ಜಾಲಕ್ಕೆ ಜೋಡಿಸಿದ ಘಟಕಗಳು ವಿದ್ಯುತ್ ಕಡಿತವಾದಾಗ, ಮಾರ್ಗ ದುರಸ್ತಿ ಮಾಡುವವರ ಸುರಕ್ಷತೆಗಾಗಿ, ತಾವೂ ನಿಲ್ಲುತ್ತವೆ. ಕರೆಂಟು ಹೋದಾಗ ಬೆಳಕು ದೊರೆಯುವುದೆಂಬ ನಿರೀಕ್ಷೆ ಇವುಗಳ ವಿಷಯದಲ್ಲಿ ಸರಿಯಲ್ಲ.

ಬೆಲೆ ನಿರ್ಧಾರ

ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ ಲೆಕ್ಕಾಚಾರದಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 50,000 ರೂ. ಮತ್ತು ಮೂರನೆಯದಕ್ಕೆ 45,000 ರೂ. ಮಾನದಂಡ ವೆಚ್ಚವನ್ನು ಹಿಡಿಯಲಾಗಿದೆ. ಅದರಂತೆ 3 ಕಿಲೋವ್ಯಾಟ್ ಹೊಸ ಘಟಕದ ವೆಚ್ಚ 1,45,000 ರೂ.; ಸಹಾಯಧನ ಕಳೆದರೆ 67,000 ರೂ. ಆಗುತ್ತದೆ. ಮಾರುಕಟ್ಟೆಯ ದರ ಇದಕ್ಕಿಂತ ಭಿನ್ನವಾಗಿರಬಹುದಾದರೂ, ಬಳಸಿದ ಘಟಕಕ್ಕೆ ಮಾರಾಟಗಾರರು ಕೇಳುವ ಹೆಚ್ಚುವರಿ ಬೆಲೆಯನ್ನು ತೂಗಿ ನೋಡಲು ಈ ಲೆಕ್ಕ ನೆರವಾಗುತ್ತದೆ. ಮಾರಾಟಗಾರರು ಒಮ್ಮೆ ಪಡೆದ ಸಹಾಯಧನ ಅದೇ ಘಟಕಕ್ಕೆ ಖರೀದಿದಾರರಿಗೆ ಮತ್ತೆ ಸಿಗುವುದಿಲ್ಲ.

ರಾಜ್ಯದ ಗೃಹಜ್ಯೋತಿ ಯೋಜನೆಯು 2023ರ ಜುಲೈನಿಂದ ಅರ್ಹ ಮನೆಗಳಿಗೆ ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ನೀಡುತ್ತಿದೆ. ಆದ್ದರಿಂದ ಬಳಕೆ ಕಡಿಮೆಯಿರುವ ಕುಟುಂಬಕ್ಕೆ ಫಲಕಗಳಿಂದಾಗುವ ಉಳಿತಾಯ ಅಲ್ಪವಾಗಿರಬಹುದು. ಹೆಚ್ಚು ಬಳಸುವ ಕುಟುಂಬಕ್ಕೆ ಅದೇ ಘಟಕ ಹೆಚ್ಚು ಬೆಲೆಬಾಳುತ್ತದೆ.