ಮುಂಗಾರಿಗೆ ಮುನ್ನ ಹಿರಿಯರಿಗೊಂದು ರಕ್ಷೆ

ಮೃಗಶಿರಾ ಮಳೆ ಬಿದ್ದೊಡನೆ ರಾಯಚೂರು ತಾಲ್ಲೂಕಿನ ಯಾಪಲದಿನ್ನಿಯಂತಹ ಊರುಗಳಲ್ಲಿ ಬಿತ್ತನೆಯ ಸಡಗರ ಮೊದಲಾಗುತ್ತದೆ. ದುಡಿಯುವವರೆಲ್ಲ ಹೊಲಕ್ಕೆ ಹೋದಾಗ ಮನೆಯಲ್ಲಿ ಉಳಿಯುವವರು ಅಜ್ಜ-ಅಜ್ಜಿಯರು. ಅವರು ಕೆಮ್ಮಿದರೆ ಮಳೆಗಾಲದ ನೆಗಡಿ, ಕಷಾಯ ಕುಡಿದರೆ ಹೋದೀತು ಎಂದು ನಾವು ಸುಮ್ಮನಾಗುವುದುಂಟು. ಆದರೆ ಅದು ಬರಿಯ ನೆಗಡಿಯಾಗಿರದೆ ಫ್ಲೂ ಆಗಿದ್ದರೆ ಹಿರಿಯ ಜೀವಕ್ಕೆ ಕುತ್ತು ಬರಬಹುದು.

2023ರ ಮಾರ್ಚ್ 1ರಂದು ಹಾಸನ ಜಿಲ್ಲೆಯ 82 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅವರಿಗೆ ಎಚ್3ಎನ್2 ಎಂಬ ಫ್ಲೂ ವೈರಾಣು ತಗಲಿದ್ದುದು ಪರೀಕ್ಷೆಯಲ್ಲಿ ಕಂಡುಬಂದಿತು. ಮೊದಲೇ ಅವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿದ್ದವು. ವಯಸ್ಸಾದಂತೆ ದೇಹದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಆಗ ಫ್ಲೂ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಹೃದಯಕ್ಕೂ ಅಪಾಯವಿದೆ. ಫ್ಲೂ ದೃಢಪಟ್ಟ ಮೊದಲ ವಾರದಲ್ಲಿ ಹೃದಯಾಘಾತದ ಸಂಭವ ಸುಮಾರು ಆರು ಪಟ್ಟು ಹೆಚ್ಚುವುದೆಂದು 2018ರಲ್ಲಿ ಪ್ರಕಟವಾದ ಕೆನಡಾ ದೇಶದ ಅಧ್ಯಯನವೊಂದು ತಿಳಿಸಿದೆ.

ಹಾಗಾದರೆ ಲಸಿಕೆ ಎಷ್ಟರಮಟ್ಟಿಗೆ ಕಾಯುತ್ತದೆ? ಪೂರ್ತಿಯಾಗಿ ಕಾಯುವುದಿಲ್ಲವೆಂಬುದನ್ನು ಮೊದಲೇ ಒಪ್ಪಬೇಕು. ಅಮೆರಿಕ ಮೊದಲಾದ ದೇಶಗಳ ಅಧ್ಯಯನಗಳಲ್ಲಿ, ಫ್ಲೂನಿಂದ ಹಿರಿಯರು ಆಸ್ಪತ್ರೆ ಸೇರುವ ಸಂಭವ ಹಲವು ವರ್ಷಗಳಲ್ಲಿ ಶೇ. 40ರ ಆಸುಪಾಸು ತಗ್ಗಿದೆ. ಹರಡಿದ ವೈರಾಣುವಿಗೆ ಲಸಿಕೆ ಸರಿಹೊಂದದ ವರ್ಷಗಳಲ್ಲಿ ಫಲ ಇನ್ನೂ ಕಡಿಮೆ. ಇದರ ಅರ್ಥವಿಷ್ಟೆ: ಲಸಿಕೆಯಿಲ್ಲದೆ ಆಸ್ಪತ್ರೆ ಸೇರಬೇಕಾಗಿದ್ದ ಹತ್ತು ಮಂದಿ ಹಿರಿಯರಲ್ಲಿ ಸುಮಾರು ನಾಲ್ವರಿಗೆ ಆ ಸಂಕಟ ತಪ್ಪುತ್ತದೆ. ಆ ನಾಲ್ವರಲ್ಲಿ ಒಬ್ಬರು ನಮ್ಮ ತಾಯಿಯೋ ತಂದೆಯೋ ಆಗಿದ್ದರೆ ಅದು ಸಣ್ಣ ಲಾಭವೇ?

ಫ್ಲೂ ವೈರಾಣು ಆಗಾಗ ರೂಪ ಬದಲಿಸುತ್ತದೆ. ಅದನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆಯು ಲಸಿಕೆಯಲ್ಲಿರಬೇಕಾದ ತಳಿಗಳನ್ನು ವರ್ಷಕ್ಕೆರಡು ಬಾರಿ ಸೂಚಿಸುತ್ತದೆ. ಲಸಿಕೆಯ ಬಲವೂ ತಿಂಗಳುಗಳು ಕಳೆದಂತೆ ಕುಂದುತ್ತದೆ. ಆದ್ದರಿಂದ ಪ್ರತಿವರ್ಷವೂ ಇದನ್ನು ಹಾಕಿಸಬೇಕು. ನಮ್ಮ ನಾಡಿನಲ್ಲಿ ಫ್ಲೂ ಮಳೆಗಾಲದಲ್ಲಿ ಹೆಚ್ಚುತ್ತದೆ. ಜನವರಿಯಿಂದ ಮಾರ್ಚ್‌ವರೆಗೂ ಮತ್ತೆ ತಲೆಯೆತ್ತುವುದುಂಟು. ಚುಚ್ಚುಮದ್ದಿನ ಫಲ ಕಾಣಲು ಎರಡು ವಾರ ಬೇಕಾದುದರಿಂದ ಮೇ ತಿಂಗಳಲ್ಲಿಯೇ ಹಾಕಿಸುವುದು ಲೇಸು.

ಲಸಿಕೆಯಿಂದಲೇ ಫ್ಲೂ ಬರುತ್ತದೆಂಬ ಭಯ ಕೆಲವರಿಗಿದೆ. ಚುಚ್ಚುಮದ್ದಿನಲ್ಲಿ ಜೀವಂತ ವೈರಾಣು ಇರುವುದಿಲ್ಲ. ತೋಳುನೋವು, ಒಂದೆರಡು ದಿನದ ಮೈಬಿಸಿ ಸಹಜ. ಹಿಂದೆ ಯಾವುದಾದರೂ ಲಸಿಕೆಯಿಂದ ತೀವ್ರ ಅಲರ್ಜಿಯಾಗಿದ್ದವರು ವೈದ್ಯರಿಗೆ ತಿಳಿಸಬೇಕು.

ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಹಿರಿಯರ ಫ್ಲೂ ಲಸಿಕೆ ಸೇರಿಲ್ಲ. ಸಾಮಾನ್ಯವಾಗಿ ಹಣ ಕೊಟ್ಟೇ ಹಾಕಿಸಬೇಕಾಗುತ್ತದೆ. ಜಾತ್ರೆಗೆ, ಮದುವೆಗೆ ಹಣ ತೆಗೆದಿಡುವ ನಾವು ಹಿರಿಯರ ಹೆಸರಿನಲ್ಲಿಯೂ ಇಷ್ಟು ತೆಗೆದಿಡಬಾರದೇಕೆ? ಲಸಿಕೆ ಹಾಕಿಸಿದ ಮೇಲೂ ಏದುಸಿರು, ಎದೆನೋವು, ಮಂಪರು ಕಂಡರೆ ಕಷಾಯವನ್ನೇ ನಂಬಿ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹಿರಿಯರ ಸೇವೆಯೆಂದರೆ ಇದೂ ಹೌದು.