ಬ್ರೇಕ್ ಪಾರ್ಟ್ಸ್ ಬದಲಿಸಿದ್ರಾ? ಘಾಟಿ ಇಳಿಯೋ ಮುಂಚೆ ಏರ್ ತೆಗೆಸಿ

ಬಣಕಲ್: ಕೊಟ್ಟಿಗೆಹಾರ ದಾಟಿದರೆ ಚಾರ್ಮಾಡಿ ಘಾಟಿ. ರಾಷ್ಟ್ರೀಯ ಹೆದ್ದಾರಿ 73ರ ಈ ತಿರುವುಗಳಲ್ಲಿ ಲೋಡ್ ಹೊತ್ತು ಇಳಿಯುವ ಜೀಪು, ಪಿಕಪ್‌ಗಳಿಗೆ ಬ್ರೇಕೇ ಜೀವ. ಹೊಸ ಪಾರ್ಟ್ಸ್ ಹಾಕಿಸಿದ ಮೇಲೂ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗ್ತಿದ್ರೆ, ಎರಡು-ಮೂರು ಸಲ ಪಂಪ್ ಹೊಡೆದ ಮೇಲೇ ಬ್ರೇಕ್ ಹಿಡೀತಿದ್ರೆ ಲೈನಿನಲ್ಲಿ ಗಾಳಿ ಸೇರಿರುವ ಸಾಧ್ಯತೆ ಹೆಚ್ಚು.

ಯಾಕೆ ಹೀಗೆ?

ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗಲ್ಲ, ಕಾಲಿನ ಒತ್ತಡ ನೇರ ಚಕ್ರಕ್ಕೆ ಮುಟ್ಟುತ್ತೆ. ಗಾಳಿ ಕುಗ್ಗುತ್ತೆ, ಒತ್ತಿದ ಬಲ ಅಲ್ಲೇ ಕಳೆದುಹೋಗುತ್ತೆ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಕ್ಯಾಲಿಪರ್, ಹೋಸ್ ಪೈಪ್ ಬಿಚ್ಚಿದಾಗ ಗಾಳಿ ಒಳಗೆ ಹೋಗುತ್ತೆ. ಬರೀ ಪ್ಯಾಡ್ ಬದಲಿಸಿದ್ರೆ ಲೈನ್ ಬಿಚ್ಚದ ಕಾರಣ ಸಾಮಾನ್ಯವಾಗಿ ಏರ್ ತೆಗೆಯಬೇಕಿಲ್ಲ.

ತೆಗೆಯೋದು ಹೇಗೆ?

* ಇಬ್ಬರು ಬೇಕು. ಡಬ್ಬಿಗೆ ಕಂಪನಿ ಹೇಳಿದ ಆಯಿಲ್ ತುಂಬಿಸಿ. ಕೆಲಸದ ಮಧ್ಯೆ ಡಬ್ಬಿ ಖಾಲಿಯಾದ್ರೆ ಮತ್ತೆ ಗಾಳಿ ಎಳೆಯುತ್ತೆ.
* ಹಳೆ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ, ಅಂದ್ರೆ ಹಿಂದಿನ ಎಡಗಡೆಯಿಂದ ಶುರು ಮಾಡೋದು ರೂಢಿ.
* ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ.
* ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಆಯಿಲ್ ಜತೆ ಗುಳ್ಳೆ ಹೊರಬಂದ ಮೇಲೆ ಟೈಟ್ ಮಾಡಬೇಕು.
* ನಿಪ್ಪಲ್ ಟೈಟ್ ಆದ ಮೇಲಷ್ಟೇ ಪೆಡಲ್ ಬಿಡಬೇಕು. ಇಲ್ಲಿ ತಪ್ಪಿದ್ರೆ ಹೋದ ಗಾಳಿ ವಾಪಸ್ ಬರುತ್ತೆ.
* ಗುಳ್ಳೆ ನಿಲ್ಲೋವರೆಗೆ ಮಾಡಿ, ನಂತರ ಮುಂದಿನ ಚಕ್ರಕ್ಕೆ ಹೋಗಿ.

ಎಬಿಎಸ್ ಇರುವ ಹೊಸ ಗಾಡಿಗಳಲ್ಲಿ ಕ್ರಮ ಬೇರೆ ಇರಬಹುದು, ಕೆಲವಕ್ಕೆ ಸ್ಕ್ಯಾನರ್ ಬೇಕು. ಲಾರಿ, ಬಸ್ಸಿನ ಏರ್ ಬ್ರೇಕಿಗೆ ಈ ವಿಧಾನ ಅನ್ವಯಿಸಲ್ಲ.

ಹಳೆ ಆಯಿಲ್ ಬೇಡ

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಸೇರಿದರೆ ಅದು 140ಕ್ಕೆ ಇಳಿಯಬಹುದು. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಹೋದರೆ ಕಾವಿಗೆ ಆಯಿಲ್ ಕುದ್ದು, ಲೈನಿನಲ್ಲೇ ಆವಿ ಕಟ್ಟಿ ಪೆಡಲ್ ಕುಸಿಯುತ್ತೆ. ಹಾಗಾಗಿ ಬಾಟಲಿಗೆ ಬಂದ ಆಯಿಲ್ ಮತ್ತೆ ಸುರಿಯಬೇಡಿ. ಎಂಜಿನ್ ಆಯಿಲನ್ನಂತೂ ಹಾಕಲೇಬೇಡಿ, ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ.

ಕೆಲಸ ಮುಗಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಪೆಡಲ್ ಒತ್ತಿ ಹಿಡಿಯಿರಿ. ನಿಧಾನಕ್ಕೆ ಕೆಳಗೆ ಇಳಿದ್ರೆ ಲೀಕ್ ಇದೆಯಾ ನೋಡಿಸಿ. ಗಟ್ಟಿ ನಿಂತರೆ ಮೊದಲು ಸಮತಟ್ಟು ಜಾಗದಲ್ಲಿ ನಿಧಾನಕ್ಕೆ ಓಡಿಸಿ ನೋಡಿ. ಘಾಟಿಯಲ್ಲಿ ಕೆಳಗಿನ ಗೇರ್‌ನಲ್ಲೇ ಇಳಿಯಿರಿ, ನ್ಯೂಟ್ರಲ್ ಬೇಡವೇ ಬೇಡ.